ಗಾಳಿಯ ಬೆನ್ನು ಹತ್ತಿದವರು

ನಮ್ಮ ಅಕ್ಕನ ಮಗನಿಗೆ ಗಾಳಿಯ ಬೆನ್ನು ಹತ್ತುವ ಹುಚ್ಚು. ಇದು ಗಾದೆಯ ಮಾತಲ್ಲ, ಅಕ್ಷರಶಃ ನಿಜ. ಯುಗಾದಿ ಮುಗಿದು ಬಿಸಿಲು ನಲವತ್ತರ ಆಚೀಚೆ ಏರಿತೆಂದರೆ ಮಧ್ಯಾಹ್ನ ಮೂರರ ಮೇಲೆ ಅವನಿಗೆ ಊಟ ಬೇಡ, ನಿದ್ದೆ ಬೇಡ. ಮೊಬೈಲಿನಲ್ಲಿ ಉಪಗ್ರಹದ ಚಿತ್ರ ನೋಡುತ್ತ ಕೂಡುತ್ತಾನೆ. ಗಜೇಂದ್ರಗಡದ ಕಡೆ ಹಿಂಜಿದ ಅರಳೆಯಂತೆ ಬೆಳ್ಳಗೆ ಒಂದು ಚುಕ್ಕೆ ಎದ್ದರೆ ಸಾಕು, ಗೆಳೆಯರಿಗೆ ಫೋನು. ಮೂರು ಜನ, ಎರಡು ಮೋಟಾರ್ ಸೈಕಲ್ಲು, ಒಂದು ಕ್ಯಾಮೆರಾ, ಅದಕ್ಕೆ ಮೂರು ಕಾಲಿನ ಒಂದು ಸ್ಟ್ಯಾಂಡು. ಬಾದಾಮಿಯ ಕೆಂಪು ಬಂಡೆಗಳ ಮೇಲೆ ಮಿಂಚು ಇಳಿಯುವುದನ್ನು ಅವನು ತೆಗೆದ ಚಿತ್ರ ನೋಡಿದರೆ ಯಾರಾದರೂ ಬಾಯಿ ತೆರೆಯಬೇಕು. ನಾನೂ ತೆರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ?

"ಅಮೆರಿಕಾದಾಗ ಇದಕ್ಕ ಸ್ಟಾರ್ಮ್ ಚೇಸಿಂಗ್ ಅಂತಾರ ಚಿಗವ್ವಾ" ಎಂದು ನನಗೆ ಪಾಠ ಹೇಳಿದವನೂ ಅವನೇ. ಅವರವ್ವ ಮಾತ್ರ ಅವನು ಹೊರಬಿದ್ದಾಗೊಮ್ಮೆ ಬನಶಂಕರಿಗೆ ಹರಕೆ ಹೊರುತ್ತಾಳೆ. ಆ ಹರಕೆಗಳನ್ನೆಲ್ಲ ತೀರಿಸಬೇಕೆಂದರೆ ಅವಳು ಜಾತ್ರೆ ಮುಗಿಯುವ ತನಕ ಅಲ್ಲೇ ಬಿಡಾರ ಹೂಡಬೇಕಾಗುತ್ತದೆ!

2022ರ ಏಪ್ರಿಲ್ ಕೊನೆಯ ವಾರ. ಇಳಕಲ್ಲಿನ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಎರಡು ತಾಸಾಗಿತ್ತು. ಓಣಿಯ ಮಗ್ಗಗಳು ಸುಮ್ಮನಾಗಿದ್ದವು. ಯಾರದೋ ಮನೆಯ ತಗಡು ಹಾರಿ ಇನ್ನಾರದೋ ಮಾಳಿಗೆಯ ಮೇಲೆ ಬಿದ್ದ ಸಪ್ಪಳ ಕೇಳಿ ಮೇಣದಬತ್ತಿ ಹುಡುಕುತ್ತಿದ್ದೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದ ಸದ್ದು. ತೋಯ್ದು ತೊಪ್ಪೆಯಾಗಿ ನಿಂತಿದ್ದ ಅಕ್ಕನ ಮಗ. ಆಗ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಅಮೀನಗಡ ದಾಟಿ ರಸ್ತೆ ಬದಿಯ ಗುಡ್ಡ ಏರಿ ಒಂದು ತಾಸು ಮಿಂಚು ಹಿಡಿದು, ಅಲ್ಲಿಂದ ಹುನಗುಂದದ ಮೇಲೆ ಹಾಯ್ದು ನಮ್ಮ ಮನೆಗೆ ಬಂದಿದ್ದ. ಟವೆಲು ಕೊಟ್ಟೆ, ಚಹ ಕಾಸಿದೆ. ಚಹ ಕುಡಿಯುವ ಮೊದಲೇ ಕ್ಯಾಮೆರಾ ತೆಗೆದ.

"ನೋಡಿಲ್ಲೆ ಚಿಗವ್ವಾ, ಎಂಥಾ ಮಸ್ತ್ ಬಂದೈತಿ!"

ನಿಜವಾಗಿಯೂ ಮಸ್ತಾಗಿಯೇ ಬಂದಿತ್ತು. ಕತ್ತಲು, ಮತ್ತೆ ಫಳಾರನೆ ಹಗಲು, ಮತ್ತೆ ಕತ್ತಲು. ಮೂರನೆಯದೋ ನಾಲ್ಕನೆಯದೋ ಮಿಂಚಿನಲ್ಲಿ ಗುಡ್ಡದ ಬುಡ ಕಂಡಿತು. ಅಲ್ಲಿ ಎರಡು ಕಂಬಳಿಯ ಗುಡಾರ, ಒತ್ತಿಕೊಂಡು ನಿಂತ ಕುರಿಹಿಂಡು, ಬೇವಿನ ಗಿಡ, ಗಿಡದ ಕಡೆಗೆ ಕುರಿ ಹೊಡೆದುಕೊಂಡು ಹೋಗುತ್ತಿರುವ ಒಬ್ಬ ಮನುಷ್ಯ. ನನಗೆ ಆ ಹೊಲ ಗೊತ್ತು. ನಾನು ಪಾಠ ಹೇಳುವ ಶಾಲೆಯಿಂದ ಅರ್ಧ ಫರ್ಲಾಂಗು.

"ಇವರು ಯಾರಪಾ?"

"ಯಾರೋ ಕುರಿಯವ್ರು. ಆದ್ರ ಫ್ರೇಮಿಗೆ ಚಲೋ ಬಂದಾರ."

"ಮೋಡ ಆ ಕಡೆನ ಹೊಂಟೈತಿ ಅಂತ ನಿನಗ ಗೊತ್ತಿತ್ತಿಲ್ಲೋ?"

"ಗೊತ್ತಿತ್ತು. ಎಂಟು ಗಂಟೇಕ್ಕ ಗೊತ್ತಿತ್ತು."

"ಅವರಿಗೆ ಹೇಳಿದೇನು?"

ಹುಡುಗ ಸುಮ್ಮನಾದ. ಕೆಟ್ಟ ಹುಡುಗನಲ್ಲ ಅವನು. ದಾರಿಯಲ್ಲಿ ಬಿದ್ದ ಮುದುಕಿಯನ್ನು ಎತ್ತಿ ದವಾಖಾನೆಗೆ ಒಯ್ದವನು. "ಹೊಳೀಲೇ ಇಲ್ಲ ಚಿಗವ್ವಾ" ಎಂದ. ನನ್ನ ಇಡೀ ಜಗಳ ಆ ಒಂದು ಮಾತಿನ ಜೊತೆಗೇ ಇದೆ.

ಮರುದಿನ ಮುಂಜಾನೆ ಸುದ್ದಿ ಬಂತು. ಅವನು ಗುಡ್ಡ ಇಳಿದ ಅರ್ಧ ತಾಸಿಗೆ ಆ ಬೇವಿನ ಗಿಡಕ್ಕೆ ಸಿಡಿಲು ಬಡಿದಿತ್ತು. ಹದಿನಾಲ್ಕು ಕುರಿ ಸತ್ತಿದ್ದವು. ಜೊತೆಗೆ ಹತ್ತೊಂಬತ್ತು ವರ್ಷದ ಒಬ್ಬ ಹುಡುಗ. ಅವನ ತಂಗಿ ಬದುಕಿದಳು, ಆದರೆ ಎಡಗಿವಿ ಹೋಯಿತು. ತಂಗಿ ಆಗ ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿ ಮುಗಿಸಿದ್ದಳು. ಅಣ್ಣನೂ ನನ್ನ ಕೈಯಲ್ಲೇ ಕಲಿತವನು. ಎಸ್ಸೆಸ್ಸೆಲ್ಸಿಯಲ್ಲಿ ಸಮಾಜ ವಿಜ್ಞಾನಕ್ಕೆ ಅರವತ್ತೆರಡು ಅಂಕ ತಂದಿದ್ದ. ನಾನು ಮರೆತಿಲ್ಲ, ಯಾಕೆಂದರೆ ಉಳಿದ ಯಾವ ವಿಷಯದಲ್ಲೂ ಅವನು ನಲವತ್ತು ದಾಟಿರಲಿಲ್ಲ.

ಆ ಅರವತ್ತೆರಡರಲ್ಲಿ ಒಂದು ಅಂಕ ಇಂಥದೂ ಇದ್ದಿರಬಹುದು: ಬೇಸಿಗೆಯ ಗುಡುಗುಮಳೆಯನ್ನು ಪಶ್ಚಿಮ ಬಂಗಾಳದಲ್ಲಿ ಏನೆಂದು ಕರೆಯುತ್ತಾರೆ? ಉತ್ತರ, ಕಾಲಬೈಸಾಖಿ. ಉತ್ತರ ಪ್ರದೇಶದಲ್ಲಿ? ಆಂಧಿ. ಕೇರಳದಲ್ಲಿ? ಮಾವಿನ ಹೊಯ್ಲು. ಇಪ್ಪತ್ತು ವರ್ಷದ ಮೇಲಾಯಿತು, ಇದನ್ನು ಬಾಯಿಪಾಠ ಮಾಡಿಸುತ್ತ ಬಂದಿದ್ದೇನೆ. ಹುನಗುಂದ ತಾಲೂಕಿನ ಕುರಿಯವರ ಹುಡುಗನಿಗೆ ಬಂಗಾಳದ ಬಿರುಗಾಳಿಯ ಹೆಸರು ಕಲಿಸಿದೆ. ನಮ್ಮ ತಲೆಯ ಮೇಲೇ ಬೀಳುವ ಅಡ್ಡಮಳೆ ಬಂದಾಗ ಗಿಡದ ಕೆಳಗೆ ನಿಲ್ಲಬೇಡಪ್ಪಾ ಎಂದು ಒಂದು ದಿನ ಹೇಳಲಿಲ್ಲ. ಪುಸ್ತಕದಲ್ಲಿ ಇರಲಿಲ್ಲ, ಹೇಳಲಿಲ್ಲ. ಅಕ್ಕನ ಮಗನನ್ನು ಬೈದ ರಾತ್ರಿ ನನಗೆ ನಿದ್ದೆ ಬರದಿದ್ದುದು ಈ ಕಾರಣಕ್ಕೆ. ಅವನಿಗಾದರೂ ಇಪ್ಪತ್ತೊಂದು ವರ್ಷ, ಹೊಳೆಯಲಿಲ್ಲ. ನನಗೆ?

ಗಾಳಿಯ ಬೆನ್ನು ಹತ್ತುವವರೆಲ್ಲ ಹುಚ್ಚರು, ಅವರನ್ನು ಹಿಡಿದು ಮನೆಯಲ್ಲಿ ಕಟ್ಟಿಹಾಕಿರಿ ಎಂದು ಹೇಳುವವರ ಪೈಕಿ ನಾನಲ್ಲ. ಅಕ್ಕನ ಮಗ ಕೊಟ್ಟ ಪುಸ್ತಕ, ತೋರಿಸಿದ ಚಿತ್ರ ಎಲ್ಲ ನೋಡಿದ ಮೇಲೆ ನನಗೆ ತಿಳಿದದ್ದು ಬೇರೆ. ಅಮೆರಿಕದಲ್ಲಿ ಡೇವಿಡ್ ಹೋಡ್ಲಿ ಎಂಬ ತರುಣ 1956ರಲ್ಲಿ ಕಾರು ಹತ್ತಿ ಬಿರುಗಾಳಿ ನೋಡಲು ಹೊರಟಾಗ ಅವನದೂ ಬರೀ ಹುಚ್ಚೇ. ಆದರೆ 1973ರ ಮೇ 24ರಂದು ಒಕ್ಲಹೋಮಾದ ಯೂನಿಯನ್ ಸಿಟಿ ಎಂಬ ಊರಿನ ಹತ್ತಿರ ಸುಂಟರಗಾಳಿಯೊಂದನ್ನು ಒಂದು ಕಡೆ ಬೆನ್ನು ಹತ್ತಿದವರು ಫಿಲಮಿನಲ್ಲಿ ಹಿಡಿದರು, ಇನ್ನೊಂದು ಕಡೆ ಡಾಪ್ಲರ್ ರಾಡಾರು ನೋಡಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಸುಳಿ ನೆಲಕ್ಕೆ ಇಳಿಯುವ ಮೊದಲೇ ಮೋಡದ ಹೊಟ್ಟೆಯಲ್ಲಿ ತಿರುಗುವುದು ರಾಡಾರಿನಲ್ಲಿ ಕಾಣುತ್ತದೆಂದು ಗೊತ್ತಾಯಿತು. ಇಂದು ಅಲ್ಲಿಯ ಹೆಂಗಸೊಬ್ಬಳಿಗೆ ಮಕ್ಕಳನ್ನು ಎತ್ತಿಕೊಂಡು ನೆಲಮನೆಗೆ ಇಳಿಯಲು ಹತ್ತು ಹನ್ನೆರಡು ನಿಮಿಷ ಸಿಗುತ್ತಿದ್ದರೆ ಅದರ ಹಿಂದೆ ಈ ಹುಚ್ಚರ ಪಾಲೂ ಇದೆ. ಅದಕ್ಕಾಗಿ ಜೀವ ಕೊಟ್ಟವರೂ ಇದ್ದಾರೆ. ಟಿಮ್ ಸಮಾರಾಸ್ ಎಂಬ ಅನುಭವಿ, ಅವನ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್, ಮೂವರೂ 2013ರ ಮೇ 31ರಂದು ಎಲ್ ರೀನೋ ಊರಿನ ಬಳಿ ನಾಲ್ಕು ಕಿಲೋಮೀಟರಿಗಿಂತ ಅಗಲವಾಗಿ ಹಿಗ್ಗಿದ ಸುಂಟರಗಾಳಿಗೆ ಸಿಕ್ಕು ಸತ್ತರು. ಸಿನಿಮಾದಲ್ಲಿ ಹೀರೋ ಬದುಕುತ್ತಾನೆ, ಅದು ಬೇರೆ ಮಾತು.

ರಾತ್ರಿಯ ಸುಂಟರಗಾಳಿಯಂತೂ ಇನ್ನೂ ಕ್ರೂರ. ಹಗಲಿನದಕ್ಕಿಂತ ರಾತ್ರಿ ಬಂದದ್ದು ಜನರನ್ನು ಕೊಲ್ಲುವ ಸಂಭವ ಎರಡು ಪಟ್ಟಿಗಿಂತಲೂ ಹೆಚ್ಚು ಎಂದು ಅಲ್ಲಿ ಲೆಕ್ಕ ಹಾಕಿದ್ದಾರೆ. ಕಾರಣ ಹೇಳಲು ವಿಜ್ಞಾನಿ ಬೇಕಿಲ್ಲ, ಜನ ಮಲಗಿರುತ್ತಾರೆ. ಬೆನ್ನು ಹತ್ತಿದವರಿಗೂ ಏನೂ ಕಾಣುವುದಿಲ್ಲ. ಮಿಂಚಿನ ಬೆಳಕು, ಇಲ್ಲವೇ ಗಾಳಿಯ ಹೊಡೆತಕ್ಕೆ ವಿದ್ಯುತ್ ತಂತಿ ಹರಿದು ಹೊಮ್ಮುವ ನೀಲಿ ಬೆಳಕು, ಅವೆರಡರಲ್ಲೇ ಸುಳಿಯನ್ನು ಗುರುತಿಸಬೇಕು. 2021ರ ಡಿಸೆಂಬರ್ 10ರ ರಾತ್ರಿ ಕೆಂಟಕಿ ರಾಜ್ಯದ ಮೇಫೀಲ್ಡ್ ಊರಿಗೆ ಹೀಗೆಯೇ ಬಂತು. ಅಲ್ಲಿ ಒಂದು ಮೇಣದಬತ್ತಿಯ ಕಾರ್ಖಾನೆ, ರಾತ್ರಿ ಪಾಳಿಯಲ್ಲಿ ನೂರಕ್ಕೂ ಹೆಚ್ಚು ಜನ. ಮುನ್ಸೂಚನೆ ಬಂದಿತ್ತು, ಸೈರನ್ ಕೂಗಿತ್ತು. ಮನೆಗೆ ಹೋಗುತ್ತೇವೆಂದರೆ ಕೆಲಸ ಹೋಗುತ್ತದೆಂದು ಹೆದರಿಸಿದರು ಎಂದು ಬದುಕಿ ಉಳಿದ ಕೆಲವರು ಆಮೇಲೆ ಹೇಳಿದರು. ಕಾರ್ಖಾನೆಯವರು ಹಾಗೆ ಹೇಳಿಯೇ ಇಲ್ಲವೆಂದರು. ಗೋಡೆ ಬಿತ್ತು, ಒಳಗಿದ್ದವರಲ್ಲಿ ಕೆಲವರು ಸತ್ತರು. ರಾಡಾರು, ಸೈರನ್ನು, ಉಪಗ್ರಹ ಎಲ್ಲ ಇದ್ದ ದೇಶದಲ್ಲೂ ಕೊನೆಗೆ ಪ್ರಶ್ನೆ ಬಂದು ನಿಂತದ್ದು ಬಾಗಿಲು ಯಾರ ಕೈಯಲ್ಲಿದೆ ಎಂಬಲ್ಲಿಗೆ. ಈ ಮಾತಿಗೆ ಮತ್ತೆ ಬರುತ್ತೇನೆ.

ನಮ್ಮಲ್ಲಿ ಸುಂಟರಗಾಳಿ ಎಲ್ಲಿದೆ ಟೀಚರ್, ಅದು ಅಮೆರಿಕದ್ದಲ್ಲವೇ ಎಂದು ನೀವು ಕೇಳಬಹುದು. ಪಾಠದಲ್ಲಿ ಹಾಗೆಯೇ ಇದೆ. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಅಮೆರಿಕದಲ್ಲಿ ಬಂದದ್ದಲ್ಲ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾ ಭಾಗಕ್ಕೆ ಬಂದದ್ದು. ಸುಮಾರು 1300 ಜನ. ಬಡವರ ತಗಡಿನ ಮನೆಗಳ ಊರು. 2018ರ ಮೇ 2ರ ರಾತ್ರಿ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಎದ್ದ ಧೂಳುಗಾಳಿಗೆ ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳ ಜನ ಮಲಗಿದ್ದಾಗ ಗೋಡೆ ಕುಸಿದು. ನಮ್ಮ ಕಡೆ ಪತ್ರಿಕೆಯವರು ಸುಂಟರಗಾಳಿ ಎಂದು ಬರೆಯುವುದು ಬಹುತೇಕ ಸುಂಟರಗಾಳಿಯಲ್ಲ. ದಿನವಿಡೀ ಕಾಯ್ದ ನೆಲದಿಂದ ಬಿಸಿಗಾಳಿ ಮೇಲೇರಿ ಹತ್ತು ಹನ್ನೆರಡು ಕಿಲೋಮೀಟರು ಎತ್ತರದ ಮೋಡ ಕಟ್ಟುತ್ತದೆ. ಸಂಜೆಗೋ ರಾತ್ರಿಗೋ ಅದರೊಳಗಿನ ಮಳೆ, ಆಣೆಕಲ್ಲು ಕೆಳಗೆ ಬೀಳುವಾಗ ತಣ್ಣನೆಯ ಗಾಳಿಯನ್ನೂ ಜೊತೆಗೆ ಎಳೆದು ತರುತ್ತದೆ. ನೆಲಕ್ಕೆ ಬಡಿದ ಆ ಗಾಳಿ ಒಂದೇ ದಿಕ್ಕಿಗೆ ನುಗ್ಗುತ್ತದೆ. ಮರುದಿನ ಓಣಿಯಲ್ಲಿ ಅಡ್ಡಾಡಿ ನೋಡಿರಿ. ಹಾರಿದ ತಗಡು, ಬಿದ್ದ ಕಂಬ ಎಲ್ಲ ಒಂದೇ ಕಡೆ ತಲೆ ಹಾಕಿದ್ದರೆ ಅದು ಸುಳಿಯಲ್ಲ, ಮೋಡ ಉಸಿರು ಬಿಟ್ಟದ್ದು. ಆ ವಾರ ಇಳಕಲ್ಲಿನ ನಮ್ಮ ಓಣಿಯ ತಗಡುಗಳೆಲ್ಲ ಬಡಗು ದಿಕ್ಕಿಗೇ ಬಿದ್ದಿದ್ದವು. ನಾನೇ ಎಣಿಸಿದೆ, ಇಪ್ಪತ್ತಮೂರು. ಎದುರು ಮನೆಯ ನೇಕಾರರ ಅಕ್ಕ ಅಳುತ್ತ ಕೂತಿದ್ದಳು. ತಗಡಿಗಲ್ಲ. ಮಗ್ಗದ ಕುಣಿಗೆ ನೀರು ನುಗ್ಗಿ ಹಾಸು ಹಾಳಾಗಿತ್ತು. ಮದುವೆಯ ಸೀರೆಗೆ ಮುಂಗಡ ಇಸಗೊಂಡಿದ್ದಳು.

ಈಗ ಅಕ್ಕನ ಮಗನಂಥವರ ವಿಷಯಕ್ಕೆ ಬರೋಣ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಒಳಗೆ ನುಗ್ಗಿದಾಗ ಎಷ್ಟು ಜನ ಮೊಬೈಲು ಹಿಡಿದು ಬಂದರು! ನೀರಿನಲ್ಲಿ ನಿಂತ ಗುಡಿ ಚಂದ ಕಾಣುತ್ತಿತ್ತು, ಇಲ್ಲವೆನ್ನಲಾರೆ. ಅದೇ ಊರಿನ ಹೆಂಗಸರು ಜೋಳದ ಚೀಲ ತಲೆಯ ಮೇಲೆ ಹೊತ್ತು ಮೇಲಿನ ರಸ್ತೆಗೆ ಏರುತ್ತಿದ್ದರೆ ಅವರಿಗೆ ಒಂದು ಕೈ ಕೊಟ್ಟವರಿಗಿಂತ ಅವರ ಚಿತ್ರ ತೆಗೆದವರೇ ಹೆಚ್ಚು. ಟೀವಿಯವರದು ಇನ್ನೊಂದು ಬಗೆ. ಸಿಡಿಲು ಬಡಿದು ತೆಂಗಿನ ಗಿಡ ಹೊತ್ತಿ ಉರಿಯುವುದನ್ನು ಹಿನ್ನೆಲೆ ಸಂಗೀತ ಹಾಕಿ ಹತ್ತು ಸಲ ತೋರಿಸುತ್ತಾರೆ, ಆ ಗಿಡದಿಂದ ಎಷ್ಟು ದೂರ ನಿಲ್ಲಬೇಕೆಂದು ಒಂದು ಸಲ ಹೇಳುವುದಿಲ್ಲ. ಬೆನ್ನು ಹತ್ತುವುದು ತಪ್ಪಲ್ಲ. ಯಾರ ಸಲುವಾಗಿ ಬೆನ್ನು ಹತ್ತಿದ್ದೀರಿ ಎಂಬುದಷ್ಟೇ ನನ್ನ ತಕರಾರು. ಒಕ್ಲಹೋಮಾದ ಹುಡುಗ ಕಂಡದ್ದನ್ನು ಮೊದಲು ಹವಾಮಾನ ಕಚೇರಿಗೆ ತಿಳಿಸಿ ಆಮೇಲೆ ಚಿತ್ರ ಮಾರುತ್ತಾನೆ. ನಮ್ಮ ಹುಡುಗ ಕಂಡದ್ದನ್ನು ನೇರ ಇನ್‌ಸ್ಟಾಗ್ರಾಮಿಗೆ ಹಾಕುತ್ತಾನೆ.

ಸರಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 'ದಾಮಿನಿ' ಎಂಬ ಆ್ಯಪ್ ಮಾಡಿದ್ದಾರೆ, ಇಪ್ಪತ್ತರಿಂದ ನಲವತ್ತು ಕಿಲೋಮೀಟರು ಸುತ್ತಿನ ಸಿಡಿಲಿನ ಸೂಚನೆ ಕೊಡುತ್ತದೆ. ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದವರು 'ಸಿಡಿಲು' ಎಂಬ ಹೆಸರಿನಲ್ಲೇ ಒಂದನ್ನು ತಂದರು. ಒಳ್ಳೆಯದೇ. ಆದರೆ ಇವನ್ನು ಮಾಡಿದವರು ಒಂದು ದಿನ ನಮ್ಮ ಹಳ್ಳಿಯ ಮನೆಯೊಳಗೆ ರಾತ್ರಿ ಒಂಬತ್ತಕ್ಕೆ ಬಂದು ನೋಡಬೇಕು. ದೊಡ್ಡ ಫೋನು ಎಲ್ಲಿರುತ್ತದೆ? ಮಗನ ಕಿಸೆಯಲ್ಲಿ, ಮಗ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ. ಗಂಡನ ಫೋನಿಗೆ ಚಾರ್ಜು ಮುಗಿದಿರುತ್ತದೆ. ಮನೆಯಲ್ಲಿ ಮುದುಕರು, ಕೂಸು, ಎಮ್ಮೆ, ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ ಸಂಡಿಗೆ ಎಲ್ಲದರ ಜವಾಬ್ದಾರಿ ಹೊತ್ತವಳ ಕೈಯಲ್ಲಿ ಇರುವುದು ಬಟನ್ನಿನ ಫೋನು, ಅದೂ ಇದ್ದರೆ. ಮೋಡ ಗುಡುಗಿದಾಗ ಮೊದಲು ಮಾಳಿಗೆ ಹತ್ತುವವಳು ಅವಳೇ, ಸೂಚನೆ ಕೊನೆಗೆ ತಲುಪುವುದೂ ಅವಳಿಗೇ! ಕುರಿ ಹಿಂದೆ ಹೋದವರ ಮಾತಂತೂ ಬೇಡ. ಆ ರಾತ್ರಿ ಗುಡಾರದಲ್ಲಿದ್ದ ಆರು ಜನರಿಗೆ ಒಂದು ಫೋನು, ಅದರಲ್ಲಿ ದುಡ್ಡಿರಲಿಲ್ಲ.

ಹಾಗಾದರೆ ಊರಿಗೆ ಹೇಳುವ ದಾರಿಯೇ ಇಲ್ಲವೇ? ಜಾತ್ರೆಯಲ್ಲಿ ಮೂರು ರಾತ್ರಿ ಬಿಡದೆ ಸಿನಿಮಾ ಹಾಡು ಒದರುವ ಮೈಕಿದೆ. ಗುಡಿಯಲ್ಲಿದೆ, ಮಸೀದಿಯಲ್ಲಿದೆ. ಪಟ್ಟಣದಲ್ಲಿ ದಿನಾ ಮುಂಜಾನೆ ಹಾಡು ಹಚ್ಚಿಕೊಂಡು ಬರುವ ಕಸದ ಗಾಡಿಗೂ ಇದೆ. ಡಂಗುರ ಹೊಡೆಯುವವರು ಇನ್ನೂ ಕೆಲವೂರಲ್ಲಿ ಇದ್ದಾರೆ. ರೇಶನ್ ಅಕ್ಕಿ ಬಂದಿದೆ ಎಂದು ಸಾರಲು ಇವೆಲ್ಲ ಒದಗುತ್ತವೆ, ಮೋಡ ಬರುತ್ತಿದೆ ಎಂದು ಸಾರಲು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಇನ್ನೊಂದು ಮಾತು, ಇದನ್ನು ನಾನು ಬಹಳ ಕಷ್ಟದಿಂದ ಬರೆಯುತ್ತಿದ್ದೇನೆ. ಸಿಡಿಲು ಬಡಿದ ಆ ಹುಡುಗ ನೆಲಕ್ಕೆ ಬಿದ್ದ ಮೇಲೆ ಎಷ್ಟೋ ಹೊತ್ತು ಅವನನ್ನು ಯಾರೂ ಮುಟ್ಟಲಿಲ್ಲ. "ಮುಟ್ಟಬ್ಯಾಡ್ರಿ, ಮೈಯಾಗ ಸಿಡ್ಲ ಐತಿ" ಎಂದರಂತೆ. ಅವರವ್ವ ಹೋಗಹೋದರೆ ಇಬ್ಬರು ಗಂಡಸರು ಹಿಡಿದುಕೊಂಡರಂತೆ, ಅವಳ ಒಳಿತಿಗೇ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿಯುವುದಿಲ್ಲ ತಾಯಂದಿರೇ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅದು ನೆಲಕ್ಕೆ ಹೋಗಿಬಿಟ್ಟಿರುತ್ತದೆ. ಎದೆ ನಿಂತಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ಜೋರಾಗಿ, ಬೇಗಬೇಗ ಒತ್ತುತ್ತಲೇ ಇರಬೇಕು, ಗಾಡಿ ಬರುವ ತನಕ. ಅಮೆರಿಕದಲ್ಲಿ ಸಿಡಿಲು ತಗುಲಿದ ಹತ್ತು ಜನರಲ್ಲಿ ಒಂಬತ್ತು ಜನ ಬದುಕುತ್ತಾರೆ. ಈ ಹುಡುಗ ಬದುಕುತ್ತಿದ್ದನೋ ಇಲ್ಲವೋ ಯಾರೂ ಹೇಳಲಾರರು. ಆದರೆ ಹೆತ್ತವಳು ಮಗನನ್ನು ಮುಟ್ಟದಂತೆ ಹಿಡಿದು ನಿಲ್ಲಿಸಿದ್ದು ಯಾವ ಶಾಸ್ತ್ರ? ಆ ಹಿಡಿದವರಲ್ಲಿ ಒಬ್ಬ ಪಿಯುಸಿ ಪಾಸಾದವನು. ಅವನೂ ನನ್ನ ವಿದ್ಯಾರ್ಥಿಯೇ.

ದೇಶದಲ್ಲಿ ಸಿಡಿಲಿಗೆ 2021ರಲ್ಲಿ 2880 ಜನ, 2022ರಲ್ಲಿ 2887 ಜನ ಸತ್ತರೆಂದು ಅಪರಾಧ ದಾಖಲೆ ಬ್ಯೂರೋದ ಲೆಕ್ಕ ಹೇಳುತ್ತದೆ. ದಿನಕ್ಕೆ ಸರಾಸರಿ ಎಂಟು ಜನ ಬಿದ್ದ ಹಾಗಾಯಿತು. ಒಮ್ಮೆಗೇ ಸತ್ತರೆ ದೊಡ್ಡ ಸುದ್ದಿ, ಹೊಲಕ್ಕೊಬ್ಬರಂತೆ ಸತ್ತರೆ ಒಳಪುಟದಲ್ಲಿ ಎರಡು ಸಾಲು. ಕುರಿಗಳ ಸಾವಿಗಾದರೂ ಕಾರಣವಿದೆ. ಸಿಡಿಲು ನೆಲದ ಮೇಲೆ ಹರಿಯುವಾಗ ಮುಂಗಾಲಿಂದ ಹಿಂಗಾಲಿಗೆ ಹಾಯುತ್ತದೆ, ನಡುವೆ ಎದೆ. ನಾರ್ವೆಯಲ್ಲಿ 2016ರ ಆಗಸ್ಟಿನಲ್ಲಿ ಒಂದೇ ಬಯಲಲ್ಲಿ 323 ಹಿಮಸಾರಂಗಗಳು ಹೀಗೆ ಸತ್ತವು, ಇಡೀ ಲೋಕ ಆ ಚಿತ್ರ ನೋಡಿತು. ನಮ್ಮ ಹದಿನಾಲ್ಕು ಕುರಿಗಳ ಚಿತ್ರ ತಲಾಠಿ ಮಾತ್ರ ತೆಗೆದುಕೊಂಡರು.

ಬಾಗಿಲಿನ ಮಾತಿಗೆ ಮತ್ತೆ ಬರುತ್ತೇನೆ ಎಂದಿದ್ದೆ. ಆ ಬೇವಿನ ಗಿಡದಿಂದ ನಮ್ಮ ಶಾಲೆ ಅರ್ಧ ಫರ್ಲಾಂಗು. ಆರ್‌ಸಿಸಿ ಕಟ್ಟಡ, ಎಂಟು ಕೋಣೆ, ಬೇಸಿಗೆ ರಜೆಯಲ್ಲಿ ಎಲ್ಲಕ್ಕೂ ಕೀಲಿ. ಗುಡುಗಿನಲ್ಲಿ ಒಳ್ಳೆಯ ಆಸರೆ ಎಂದರೆ ನಾಲ್ಕು ಗೋಡೆಯ ಗಟ್ಟಿ ಕಟ್ಟಡವೇ. ಅದು ಎದುರಿಗೇ ಇತ್ತು, ಮುಚ್ಚಿತ್ತು. ಶಾಲೆ ಶುರುವಾದ ಮೇಲೆ ನಾನು ಒಂದು ಅರ್ಜಿ ಬರೆದೆ. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಕೋಣೆಯ ಕೀಲಿಕೈ ಊರಲ್ಲೇ ಇರಲಿ, ರಾತ್ರಿ ಮೋಡವಾದಾಗ ಬಯಲಲ್ಲಿದ್ದವರು ಬಂದು ಕೂಡಲಿ ಎಂದು. ಸಂಬಂಧಪಟ್ಟವರು ಓದಿ ನಕ್ಕರು. "ಮೇಡಂ, ನಾಳೆ ಕುರಿ ಹಿಕ್ಕಿ ಬಳಿಯೋರು ಯಾರ್ರೀ? ಬೆಂಚು ಕಳುವಾದ್ರ ನೀವು ಕೊಡ್ತೀರಿ?" ಎಂದರು. ಮತದಾನಕ್ಕೆ ಇದೇ ಶಾಲೆ ಬೇಕು, ಲಸಿಕೆಗೆ ಬೇಕು, ಮಂತ್ರಿಗಳು ಬಂದರೆ ಅವರ ಊಟಕ್ಕೂ ಬೇಕು. ಆಗ ಬೆಂಚು ಕಳುವಾಗುವುದಿಲ್ಲ. ನಾನು ಮತ್ತೆ ಬರೆದೆ. ಮೂರನೆಯ ಸಲ ಉತ್ತರ ಬಂತು, 'ಪರಿಶೀಲಿಸಲಾಗುವುದು'. ಇನ್ನೂ ಪರಿಶೀಲನೆಯಲ್ಲಿದೆ.

ಸುಮ್ಮನೆ ಕೂಡುವ ಜಾತಿ ನನ್ನದಲ್ಲ ಎಂದು ನಮ್ಮ ಶಾಲೆಯವರಿಗೆಲ್ಲ ಗೊತ್ತು. ಈಗ ನನ್ನ ತರಗತಿಯಲ್ಲಿ ಕಾಲಬೈಸಾಖಿಯ ದಿನ ಮಕ್ಕಳಿಂದ ಎಣಿಸುತ್ತೇನೆ. ಮಿಂಚು ಕಂಡಾಗಿನಿಂದ ಗುಡುಗು ಕೇಳುವ ತನಕ ಒಂದು, ಎರಡು, ಮೂರು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಮೂವತ್ತರೊಳಗೆ ಗುಡುಗು ಕೇಳಿತೋ, ಗಿಡ ಬಿಡು, ಕೆರೆ ಬಿಡು, ಒಳಗೆ ಓಡು. ಕೊನೆಯ ಗುಡುಗಿನ ಮೇಲೆ ಅರ್ಧ ತಾಸು ಹೊರಗೆ ಬರಬೇಡ. ಪರೀಕ್ಷೆಗೆ ಬರುವುದಿಲ್ಲ, ಆದರೂ ಹುಡುಗರು ಮರೆಯುವುದಿಲ್ಲ. ಅಕ್ಕನ ಮಗನಿಗೂ ಒಂದು ಕರಾರು ಹಾಕಿದ್ದೇನೆ. ಮೋಡ ಬೆನ್ನು ಹತ್ತು, ಬ್ಯಾಡ ಅನ್ನೂದಿಲ್ಲ. ಆದರೆ ಕ್ಯಾಮೆರಾ ತೆಗೆಯುವ ಮೊದಲು ನನಗೆ ಒಂದು ಫೋನು. ಈಗ ಅವನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿಂದಲೇ ಉಪಗ್ರಹದ ಚಿತ್ರ ನೋಡಿ ಫೋನು ಹಚ್ಚುತ್ತಾನೆ. ನಾನು ಐದು ಹಳ್ಳಿಯ ಏಳು ಹೆಂಗಸರಿಗೆ ಹಚ್ಚುತ್ತೇನೆ, ಬಟನ್ನಿನ ಫೋನುಗಳಿಗೆ. ಅವರು ಮುಂದೆ ಹೇಳುತ್ತಾರೆ. ಎಷ್ಟೋ ಸಲ ಮೋಡ ಹಾಗೇ ಚದುರಿ ಹೋಗುತ್ತದೆ. "ಅಕ್ಕೋರು ಸುಳ್ಳ ಮಳಿ ತರಸ್ತಾರ" ಎಂದು ನಗುತ್ತಾರೆ. ನಗಲಿ.

ಕಳೆದ ಭರಣಿ ಮಳೆಯಲ್ಲಿ ರಾತ್ರಿ ಒಂಬತ್ತೂ ಹತ್ತಕ್ಕೆ ಅವನ ಫೋನು ಬಂತು. ನಾನು ಮೊದಲು ಹಚ್ಚಿದ್ದು ಕಿವಿ ಹೋದ ಆ ಹುಡುಗಿಗೆ. ಅವಳು ಬಲಗಿವಿಗೆ ಫೋನು ಹಿಡಿದು "ನಾವು ಆಗಲೇ ಸಾಲಿಗೆ ಬಂದೇವ್ರಿ" ಎಂದಳು. ಸಾಲಿಗೆ ಹೇಗೆ ಬಂದಿರಿ, ಕೀಲಿ ಹಾಕಿದೆಯಲ್ಲ ಎಂದೆ. ಫೋನು ಕೈ ಬದಲಾಯಿತು. ಬಿಸಿಯೂಟದ ಅಡುಗೆ ಮಾಡುವ ಅಕ್ಕನ ದನಿ. ಹಿಂದೆ ಕೂಸು ಅಳುವುದು, ಕುರಿ ಅರಚುವುದು ಕೇಳುತ್ತಿತ್ತು.

"ಅಡಿಗಿ ಖೋಲಿ ಕೀಲಿಕೈ ನನ್ನ ಕಡೆನ ಇರತೈತಲ್ರಿ ಅಕ್ಕೋರ. ನನ್ನ ಯಾರೂ ಏನೂ ಕೇಳಿಲ್ಲ, ನಾನೂ ಯಾರನ್ನೂ ಕೇಳಿಲ್ಲ. ಹದಿನೊಂದು ಮಂದಿ ಅದೀವಿ. ಚಾ ಕಾಸಾಕತ್ತೀನಿ, ಸಕ್ಕರಿ ಒಂದೀಟು ಸಾಲಿಂದ ತಗೊಂಡೀನಿ, ನಾಳೆ ಹೆಡ್‌ಮಾಸ್ತರು ಕೇಳಿದ್ರ ನೀವ ಹೇಳ್ರಿ."